ನಡುಮನೆಯ ಬೆಳಕಿಗೆ ಒಂದು ಲೆನ್ಸ್: ಕ್ಯಾನನ್ ಆರ್‌ಎಫ್ 35 ಎಂಎಂ ಎಫ್/1.8 ಮ್ಯಾಕ್ರೋ ಐಎಸ್ ಎಸ್‌ಟಿಎಂ

ತೀರ್ಥಹಳ್ಳಿ, ಹೊಸನಗರ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ಆಷಾಢದ ಮಧ್ಯಾಹ್ನವೂ ನಡುಮನೆಗೆ ಲೈಟು ಹಾಕಬೇಕು. ಮಾಡು ತಗ್ಗು, ಕಿಟಕಿ ಸಣ್ಣವು, ಹೊರಗೆ ಮೋಡ, ಮೋಡದ ಕೆಳಗೆ ಅಡಿಕೆ ತೋಟದ ನೆರಳು. ಮನೆಯವರು ಮುಂದೆ ನೆನೆಯುವ ಗಳಿಗೆಗಳು ನಡೆಯುವುದು ಮಾತ್ರ ಈ ಬೆಳಕಿನಲ್ಲೇ: ಮಗುವಿಗೆ ಎರೆಯುವುದು, ತೊಟ್ಟಿಲಿಗೆ ಹಾಕುವುದು, ಅಕ್ಕಿಯ ಮೇಲೆ ಮೊದಲ ಅಕ್ಷರ ತಿದ್ದಿಸುವುದು, ಬಸುರಿಗೆ ಬಳೆ ತೊಡಿಸುವುದು, ರಾತ್ರಿ ಅಡಿಕೆ ಸುಲಿಯುತ್ತಾ ಹರಟುವುದು. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಇಲ್ಲಿ ಸೋಲುತ್ತದೆ. ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸಿನ ಬೆಳಕಿನ ಕಿಂಡಿ ದೊಡ್ಡದು: ಎಫ್/5.6 ರಲ್ಲಿ ಸಿಗುವುದಕ್ಕಿಂತ ಸುಮಾರು ಹತ್ತು ಪಟ್ಟು ಹೆಚ್ಚು ಬೆಳಕು ಈ ಲೆನ್ಸಿನ ಎಫ್/1.8 ರಲ್ಲಿ ಒಳಗೆ ಬರುತ್ತದೆ. ಫ್ಲ್ಯಾಷ್ ಹಾಕಿ ಗೋಡೆಯನ್ನು ಬಿಳುಚಿಸುವುದೋ, ಇದ್ದ ಬೆಳಕನ್ನೇ ಉಳಿಸಿಕೊಳ್ಳುವುದೋ ಎಂಬುದನ್ನು ತೀರ್ಮಾನಿಸುವುದು ಈ ಹತ್ತು ಪಟ್ಟು.

ಮಲೆನಾಡಿನಲ್ಲಿ ಕ್ಯಾಮೆರಾ ಕೊಂಡವರ ಮೊದಲ ಆಸೆ ಹೆಚ್ಚಾಗಿ ಹಕ್ಕಿ, ಆಮೇಲೆ ಜೋಗ, ಆಮೇಲೆ ಸಕ್ರೆಬೈಲಿನ ಆನೆ. ದುಡ್ಡೆಲ್ಲ ಉದ್ದನೆಯ ಝೂಮ್ ಲೆನ್ಸಿಗೆ ಹೋಗುತ್ತದೆ. ಮನೆಯ ಫೋಟೊ ಮೊಬೈಲಿನ ಪಾಲಿಗೆ ಉಳಿಯುತ್ತದೆ. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಸಾಮಾನ್ಯ ಜನರ ದಿನನಿತ್ಯದ ಬದುಕನ್ನು, ಅದರಲ್ಲೂ ಮಕ್ಕಳನ್ನು, ದಶಕಗಳ ಕಾಲ ಚಿತ್ರಿಸಿ ಹೆಸರಾದವರು. 1977ರಲ್ಲಿ ಪದ್ಮಶ್ರೀ ಪಡೆದವರು. ಆ ಜಾತಿಯ ಫೋಟೊಗ್ರಫಿಗೆ ಏನು ಬೇಕು ಎಂದು ಕೇಳಿದರೆ ನಮ್ಮ ಉತ್ತರ ಒಂದೇ: ಚಾಪೆಯ ಮೇಲೆ ಮನೆಯವರ ಪಕ್ಕದಲ್ಲಿ ಕೂತು ತೆಗೆಯಲು ಬಿಡುವ ಲೆನ್ಸ್. ಕ್ಯಾನನ್ನಿನ ಆರ್‌ಎಫ್ ಸಾಲಿನಲ್ಲಿ (ಅದರ ಮಿರರ್‌ಲೆಸ್ ಕ್ಯಾಮೆರಾಗಳ ಲೆನ್ಸುಗಳಲ್ಲಿ) ಆ ಕೆಲಸಕ್ಕೆ ಮೊದಲು ಕೊಳ್ಳಬೇಕಾದದ್ದು ಈ 35 ಎಂಎಂ. 2018ರಲ್ಲಿ ಇಒಎಸ್ ಆರ್ ಕ್ಯಾಮೆರಾ ಜೊತೆಗೇ ಬಂದ ಲೆನ್ಸ್ ಇದು. ಹೊಸದೇನಲ್ಲ. ಆದರೆ ಈ ಕೆಲಸಕ್ಕೆ ಇದರ ಜಾಗ ಇನ್ನೂ ಹಾಗೇ ಇದೆ.

ಕೈಯಲ್ಲಿ ಹಿಡಿದಾಗ

ತೂಕ 305 ಗ್ರಾಂ, ಉದ್ದ ಆರೂಕಾಲು ಸೆಂ.ಮೀ., ಫಿಲ್ಟರ್ ಅಳತೆ 52 ಎಂಎಂ. ಒಳಗೆ 9 ಗುಂಪುಗಳಲ್ಲಿ 11 ಗಾಜುಗಳು, 9 ಎಲೆಯ ಅಪರ್ಚರ್ (ಬೆಳಕಿನ ಕಿಂಡಿ). ಬದಿಯಲ್ಲಿ ಎರಡು ಸ್ವಿಚ್: ಒಂದು ಆಟೊ ಫೋಕಸ್–ಮ್ಯಾನ್ಯುಯಲ್, ಇನ್ನೊಂದು ಸ್ಟೆಬಿಲೈಸರ್. ಮುಂದೆ ಕಟ್‌ಕಟ್ ಎಂದು ತಿರುಗುವ ಕಂಟ್ರೋಲ್ ರಿಂಗ್. ಅದಕ್ಕೆ ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) ಅಥವಾ ಎಕ್ಸ್‌ಪೋಷರ್ ಕಾಂಪನ್ಸೇಷನ್ (ಚಿತ್ರವನ್ನು ತಿಳಿ ಅಥವಾ ಗಾಢ ಮಾಡುವ ತಿದ್ದುಪಡಿ) ಕೊಟ್ಟಿಟ್ಟರೆ ದೀಪ ಹಚ್ಚಿದ ಕ್ಷಣ ಮೆನು ತೆಗೆಯುವ ಗೋಜಿಲ್ಲ. ಆ ಕಟ್‌ಕಟ್ ಸದ್ದು ಮಂತ್ರ ನಡೆಯುವಾಗ ವಿಡಿಯೊದಲ್ಲಿ ಕೇಳಿಸುತ್ತದೆ ಎಂಬುದನ್ನು ನೆನಪಿಡಿ.

ಫುಲ್ ಫ್ರೇಮ್ ಕ್ಯಾಮೆರಾದಲ್ಲಿ (36 × 24 ಮಿ.ಮೀ. ಸೆನ್ಸರಿನದು) 35 ಎಂಎಂನ ಲೆಕ್ಕ ಸುಲಭ. ಎಷ್ಟು ಮೀಟರ್ ದೂರದಲ್ಲಿ ನಿಲ್ಲುತ್ತೀರೋ ಹೆಚ್ಚು ಕಡಿಮೆ ಅಷ್ಟೇ ಮೀಟರ್ ಅಗಲ ಫ್ರೇಮಿನಲ್ಲಿ ಬರುತ್ತದೆ. ಮೂರು ಮೀಟರ್ ಹಿಂದೆ ನಿಂತರೆ ಮೂರು ಮೀಟರ್ ಅಗಲದ ದೃಶ್ಯ: ತೊಟ್ಟಿಲು, ಅದರ ಎರಡು ಕಡೆ ಅಜ್ಜಿಯರು, ಹಿಂದೆ ದೇವರ ಕೋಣೆಯ ಬಾಗಿಲು. ಅದೇ ಜಾಗದಿಂದ 50 ಎಂಎಂ ಹಾಕಿದರೆ ಎರಡು ಮೀಟರ್ ಚಿಲ್ಲರೆ ಸಿಗುತ್ತದೆ, ಒಬ್ಬ ಅಜ್ಜಿ ಹೊರಗೆ ಹೋಗುತ್ತಾರೆ. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಗೋಡೆ. ಶಿವಮೊಗ್ಗದ ಎರಡು ಬೆಡ್‌ರೂಮಿನ ಮನೆಗಳಲ್ಲಂತೂ ಹತ್ತು ಅಡಿ ಕೋಣೆಯಲ್ಲಿ ಮಂಚ, ಬೀರು, ತೊಟ್ಟಿಲು ಎಲ್ಲ ಇರುತ್ತದೆ.

ಅದಕ್ಕಿಂತ ಸಣ್ಣದಾದ ಕ್ರಾಪ್ ಸೆನ್ಸರಿನ ಆರ್50, ಆರ್10, ಆರ್100 ಇಟ್ಟುಕೊಂಡವರಿಗೆ ಈ ಲೆಕ್ಕ ಕೆಡುತ್ತದೆ. ಅಲ್ಲಿ ಇದು 56 ಎಂಎಂಗೆ ಸಮ. ಮೂರು ಮೀಟರ್ ದೂರಕ್ಕೆ 1.9 ಮೀಟರ್ ಅಗಲ ಅಷ್ಟೇ. ಅಂಥವರು ಆರ್‌ಎಫ್ 24 ಎಂಎಂ ಎಫ್/1.8 ಮ್ಯಾಕ್ರೋ ಐಎಸ್ ಎಸ್‌ಟಿಎಂ ನೋಡಲಿ. 2022ರಲ್ಲಿ ಬಂದದ್ದು, 270 ಗ್ರಾಂ, ಅದೇ 52 ಎಂಎಂ ಫಿಲ್ಟರ್, ಅದೇ ಅರ್ಧ ಅಳತೆಯ ಮ್ಯಾಕ್ರೋ, ಕ್ರಾಪ್‌ನಲ್ಲಿ 38 ಎಂಎಂಗೆ ಸಮ. ಕ್ರಾಪ್ ಕ್ಯಾಮೆರಾಕ್ಕೆ 35 ಎಂಎಂ ಕೊಂಡು ಕೋಣೆ ಸಾಲದೆಂದು ಪೇಚಾಡುವುದು ತೀರಾ ಸಾಮಾನ್ಯ ತಪ್ಪು.

ಮುಖ ತೆಗೆಯುವಾಗ ಒಂದು ಮೀಟರಿಗಿಂತ ಹತ್ತಿರ ಹೋಗಬೇಡಿ. ಹೋದರೆ ಮೂಗು ದೊಡ್ಡದಾಗಿ ಕಿವಿ ಹಿಂದೆ ಸರಿಯುತ್ತದೆ. ಮೊಬೈಲಿನ ಸೆಲ್ಫಿಯಲ್ಲಿ ಆಗುವುದೂ ಅದೇ. ಒಂದು ಮೀಟರ್ ದೂರದಲ್ಲಿ ಎಫ್/1.8 ಇಟ್ಟರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 9 ಸೆಂ.ಮೀ., ಎಫ್/2.8 ಇಟ್ಟರೆ 13, ಎಫ್/4 ಕ್ಕೆ 19. ಅಮ್ಮನ ಹೆಗಲ ಮೇಲೆ ಮಲಗಿದ ಮಗುವಿನ ಮುಖವೂ ಅಮ್ಮನ ಮುಖವೂ ಎರಡೂ ಬೇಕೆಂದರೆ ಎಫ್/4 ಬೇಕೇ ಬೇಕು. ಎಲ್ಲವನ್ನೂ ಎಫ್/1.8 ರಲ್ಲಿ ತೆಗೆದು ಹಿನ್ನೆಲೆಯನ್ನು ಪೂರ್ತಿ ಕರಗಿಸುವ ಚಟ ಮನೆಯ ಫೋಟೊಗೆ ಒಳ್ಳೆಯದಲ್ಲ. ಇಪ್ಪತ್ತು ವರ್ಷ ಕಳೆದ ಮೇಲೆ ಜನ ಹುಡುಕುವುದು ಹಿನ್ನೆಲೆಯನ್ನೇ: ಗೋಡೆಯ ಕ್ಯಾಲೆಂಡರು, ಗೂಟಕ್ಕೆ ನೇತುಹಾಕಿದ ಅಜ್ಜನ ಟೋಪಿ, ಆಗಿನ್ನೂ ಮಾರಿರದ ಆ ಹಳೆಯ ಆರಾಮ ಕುರ್ಚಿ.

ಮಗುವಿಗೆ ಎರೆಯುವ ಹೊತ್ತು

ಈ ಲೆನ್ಸನ್ನು ಪರೀಕ್ಷೆಗೆ ಒಡ್ಡಬೇಕೆಂದರೆ ಬಚ್ಚಲುಮನೆಗಿಂತ ಕಠಿಣ ಜಾಗ ಇನ್ನೊಂದಿಲ್ಲ. ಒಲೆಯ ಮೇಲೆ ಹಂಡೆ, ಕುದಿಯುವ ನೀರಿನ ಹಬೆ, ಸೌದೆಯ ಹೊಗೆ, ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಮಣೆಯ ಮೇಲೆ ಕಾಲು ಚಾಚಿ ಕೂತ ಅಜ್ಜಿ, ಅವರ ಕಾಲುಗಳ ಮೇಲೆ ಕವುಚಿ ಮಲಗಿದ ಮಗು, ಎಣ್ಣೆ ಸವರಿದ ಬೆನ್ನು, ಕತ್ತಿನ ಹಿಂದೆ ನಿಂತ ಅಜ್ಜಿಯ ಹೆಬ್ಬೆರಳು.

ಸೂರ್ಯ ಮೇಲೇರಿದ ಮೇಲೆ ಗಾಜಿನ ಹೆಂಚಿನಿಂದ ಕೋಲಿನಂತೆ ಬೆಳಕು ಇಳಿಯುತ್ತದೆ. ಆ ಕೋಲು ನೇರ ಮಗುವಿನ ಮೈಮೇಲೆ ಬಿದ್ದರೆ ಎಣ್ಣೆಯ ಹೊಳಪು ಸುಟ್ಟು ಬಿಳಿಯಾಗುತ್ತದೆ, ಉಳಿದದ್ದು ಕಪ್ಪಾಗುತ್ತದೆ. ಕೋಲು ಪಕ್ಕದ ಗೋಡೆಗೋ ನೆಲಕ್ಕೋ ಬೀಳುವ ಹೊತ್ತು ಒಳ್ಳೆಯದು. ಅಲ್ಲಿಂದ ಚೆದುರಿ ಬರುವ ಬೆಳಕು ಮೆದು. ಒಲೆಯ ಉರಿಯ ಎದುರು ಬದಿಗೆ, ಅಜ್ಜಿಯ ಎಡಕ್ಕೋ ಬಲಕ್ಕೋ, ನೆಲದ ಮೇಲೆ ಕೂರಿ. ನಿಂತು ತೆಗೆದರೆ ಅಜ್ಜಿಯ ನೆತ್ತಿ ಮಾತ್ರ ಸಿಗುತ್ತದೆ. ಫ್ಲ್ಯಾಷ್ ಬೇಡವೇ ಬೇಡ: ಹೊಗೆ ಮತ್ತು ಹಬೆಯ ಕಣಗಳು ಅದನ್ನು ಲೆನ್ಸಿಗೇ ತಿರುಗಿ ಹೊಡೆಯುತ್ತವೆ, ಚಿತ್ರದ ಮೇಲೆ ಬೂದಿ ಎರಚಿದಂತಾಗುತ್ತದೆ.

ಆರಂಭಕ್ಕೆ ಎಫ್/2.2, ಶಟರ್ ವೇಗ 1/125 ಸೆಕೆಂಡ್, ಐಎಸ್‌ಒ 3200 ಇಟ್ಟುಕೊಳ್ಳಿ. ಚೊಂಬಿನಿಂದ ನೀರು ಸುರಿಯುವಾಗ 1/125ರಲ್ಲಿ ನೀರು ಎಳೆಎಳೆಯಾಗಿ ಬರುತ್ತದೆ, ಅದೇ ಚೆಂದ. ಹನಿಹನಿ ನಿಲ್ಲಿಸಲು 1/500 ಬೇಕು, ಅಷ್ಟು ಬೆಳಕು ಬಚ್ಚಲಲ್ಲಿ ಇರುವುದಿಲ್ಲ. ಲೆನ್ಸಿನೊಳಗಿನ ಸ್ಟೆಬಿಲೈಸರ್ 5 ಸ್ಟಾಪಿನದು (ಒಂದು ಸ್ಟಾಪ್ ಎಂದರೆ ಬೆಳಕಿನಲ್ಲಿ ಎರಡು ಪಟ್ಟಿನ ವ್ಯತ್ಯಾಸ) ಎಂದು ಕಂಪನಿ ಹೇಳುತ್ತದೆ. ಆರ್‌ಪಿ, ಆರ್8 ಥರ ಬಾಡಿಯೊಳಗೆ ಸ್ಟೆಬಿಲೈಸರ್ ಇಲ್ಲದ ಕ್ಯಾಮೆರಾಗಳಿಗೆ ಇದು ದೊಡ್ಡ ಆಸರೆ. ಆದರೆ ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು ಮಾತ್ರ. ಮಗು ಕಾಲು ಒದೆಯುವುದನ್ನು ತಡೆಯುವುದಿಲ್ಲ. ನಿದ್ದೆ ಹೋದ ಮಗುವಿಗೆ 1/30 ಸಾಕು, ಎಚ್ಚರಿದ್ದರೆ 1/125ಕ್ಕಿಂತ ಕೆಳಗೆ ಇಳಿಯಬೇಡಿ.

ಇಲ್ಲಿ ಕೆಡುವುದು ಮುಖ್ಯವಾಗಿ ಎರಡು. ಒಂದು, ತಣ್ಣಗಿದ್ದ ಲೆನ್ಸ್ ಹಬೆಗೆ ಹೋದೊಡನೆ ಮಂಜು ಹಿಡಿಯುತ್ತದೆ. ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಅರ್ಧ ಗಂಟೆ ಮೊದಲೇ ಬಚ್ಚಲಿನ ಬಾಗಿಲ ಬಳಿ ಇಡಿ. ಗಾಜು ಬೆಚ್ಚಗಾದ ಮೇಲೆ ಬಿಚ್ಚಿದರೆ ಮಂಜು ಚೀಲದ ಹೊರಗೇ ಉಳಿಯುತ್ತದೆ. ಒರೆಸಲು ಹೋಗಬೇಡಿ, ಎಣ್ಣೆ ಕೈಯಲ್ಲಿ ಒರೆಸಿದರೆ ಇಡೀ ಬೆಳಗು ಹಾಳು. ಇನ್ನೊಂದು, ಈ ಲೆನ್ಸಿಗೆ ನೀರು–ಧೂಳು ತಡೆಯುವ ಸೀಲ್ ಇಲ್ಲ. ಫೋಕಸ್ ಮಾಡುವಾಗ ಮುಂದಿನ ಕೊಳವೆ ಹೊರಗೆ ಬರುತ್ತದೆ, ಒಳಗೆ ಹೋಗುತ್ತದೆ. ಆ ಸಂದಿನಲ್ಲಿ ಹಬೆಯೂ ಬೂದಿಯೂ ಸೇರುತ್ತವೆ. ಬಚ್ಚಲಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಇರಬೇಡಿ. ಕ್ಯಾಮೆರಾ ಆಫ್ ಮಾಡುವ ಮೊದಲು ದೂರದ ಯಾವುದಾದರೂ ವಸ್ತುವಿಗೆ ಫೋಕಸ್ ಮಾಡಿ ಕೊಳವೆ ಒಳಗೆ ಹೋಗುವಂತೆ ನೋಡಿಕೊಳ್ಳಿ. ಹೊರಗೆ ಚಾಚಿಕೊಂಡೇ ಚೀಲ ಸೇರಿದ ಕೊಳವೆಗೆ ಒಂದು ಪೆಟ್ಟು ಬಿದ್ದರೂ ಮೋಟಾರು ಕೆಡಬಹುದು.

ಸ್ನಾನ ಮುಗಿಸಿ ಸಾಂಬ್ರಾಣಿ ಹೊಗೆ ಹಿಡಿದು ಮಗುವನ್ನು ಮಲಗಿಸಿದ ಮೇಲೆ ಈ ಲೆನ್ಸಿನ ಎರಡನೆಯ ಗುಣ ತೆರೆದುಕೊಳ್ಳುತ್ತದೆ. 17 ಸೆಂ.ಮೀ. ಹತ್ತಿರದವರೆಗೂ ಇದು ಫೋಕಸ್ ಮಾಡುತ್ತದೆ, ವಸ್ತುವನ್ನು ಅರ್ಧ ಅಳತೆಯಲ್ಲಿ ಸೆನ್ಸರಿನ ಮೇಲೆ ಮೂಡಿಸುತ್ತದೆ. ಅಂದರೆ ಫುಲ್ ಫ್ರೇಮಿನಲ್ಲಿ 72 × 48 ಮಿ.ಮೀ. ಜಾಗ ಇಡೀ ಚಿತ್ರವನ್ನು ತುಂಬುತ್ತದೆ. ಆಗತಾನೇ ಹುಟ್ಟಿದ ಮಗುವಿನ ಅಂಗಾಲು ಹೆಚ್ಚು ಕಡಿಮೆ ಅಷ್ಟೇ ಉದ್ದ. ದೃಷ್ಟಿಗೆಂದು ಅಂಗಾಲಿಗೆ ಇಟ್ಟ ಕಾಡಿಗೆ ಬೊಟ್ಟು, ಸುಲಿಯುತ್ತಿರುವ ತೆಳು ಚರ್ಮ, ಬಟಾಣಿಯಂಥ ಬೆರಳು, ಎಲ್ಲ ಸಿಗುತ್ತದೆ.

17 ಸೆಂ.ಮೀ. ಎಂಬುದು ಸೆನ್ಸರಿನಿಂದ ಅಳೆದದ್ದು. ಲೆನ್ಸಿನ ತುದಿಯಿಂದ ಉಳಿಯುವುದು ಎಂಟು ಸೆಂ.ಮೀ.ಯಷ್ಟು, ಹಾಗಾಗಿ ಲೆನ್ಸಿನ ನೆರಳೇ ಕಾಲಿನ ಮೇಲೆ ಬೀಳುತ್ತದೆ. ಕಿಟಕಿ ನಿಮ್ಮ ಬೆನ್ನಿಗೆ ಇರದೆ ಪಕ್ಕಕ್ಕೆ ಇರಲಿ. ಇನ್ನೊಂದು ಕಡೆಗೆ ತೊಳೆದ ಬಿಳಿ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಯಾರಾದರೂ ಹಿಡಿದರೆ ನೆರಳು ತಿಳಿಯಾಗುತ್ತದೆ; ಅಂಗಡಿಯ ರಿಫ್ಲೆಕ್ಟರಿಗಿಂತ ಕಡಿಮೆ ಏನಲ್ಲ. ಈ ದೂರದಲ್ಲಿ ಎಫ್/1.8 ಇಟ್ಟರೆ ಸ್ಪಷ್ಟವಾಗುವುದು ಒಂದು ಮಿ.ಮೀ. ಕೂಡ ಇಲ್ಲ, ಎಫ್/8 ಇಟ್ಟರೂ ಮೂರು ಮಿ.ಮೀ. ಮಾತ್ರ. ಐದು ಬೆರಳೂ ಸ್ಪಷ್ಟ ಬೇಕೆಂದರೆ ಲೆನ್ಸಿನ ಮುಖ ಬೆರಳುಗಳ ಸಾಲಿಗೆ ಸಮಾನಾಂತರವಾಗಿರಬೇಕು. ಹತ್ತಿರ ಹೋದಂತೆ ಬೆಳಕೂ ಸುಮಾರು ಒಂದು ಸ್ಟಾಪ್ ಕಡಿಮೆಯಾಗುತ್ತದೆ, ಐಎಸ್‌ಒ ಏರಿಸಿಕೊಳ್ಳಿ.

ಇಲ್ಲಿ ಆಟೊ ಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಫೋಕಸ್ ವ್ಯಾಪ್ತಿ ಮಿತಿಗೊಳಿಸುವ ಸ್ವಿಚ್ ಇದರಲ್ಲಿಲ್ಲ. ಒಮ್ಮೆ ತಪ್ಪಿದರೆ ತುದಿಯಿಂದ ತುದಿಗೆ ಹೋಗಿ ಬರುತ್ತದೆ, ಅಷ್ಟರಲ್ಲಿ ಮಗು ಕಾಲು ಎಳೆದುಕೊಂಡಿರುತ್ತದೆ. ಮ್ಯಾನ್ಯುಯಲ್‌ಗೆ ಹಾಕಿ, ದೂರವನ್ನು ಒಮ್ಮೆ ಗೊತ್ತು ಮಾಡಿಕೊಂಡು, ಉಸಿರು ಬಿಗಿಹಿಡಿದು ನೀವೇ ಕೂದಲೆಳೆಯಷ್ಟು ಹಿಂದೆ ಮುಂದೆ ಆಡುತ್ತಾ ಐದಾರು ಸಲ ಕ್ಲಿಕ್ಕಿಸುವುದು ಖಾತ್ರಿ ದಾರಿ.

ಒಂದು ಮಾತು ಇಲ್ಲೇ ಹೇಳಬೇಕು. ಎರೆಯುವಾಗಿನ ಚಿತ್ರಗಳು ಮನೆಯ ಆಲ್ಬಮ್ಮಿನವು. ಮಗುವಿನ ಬರಿಮೈ ಇರುವ ಯಾವ ಚಿತ್ರವನ್ನೂ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಬೇಡಿ, ಫೋಟೊಗ್ರಾಫರ್ ಆಗಿದ್ದರೆ ನಿಮ್ಮ ಜಾಹೀರಾತಿಗೂ ಬಳಸಬೇಡಿ. ಬಾಣಂತಿ ಒಪ್ಪಿದ ಮೇಲಷ್ಟೇ ಒಳಗೆ ಹೋಗಿ.

ತೊಟ್ಟಿಲು, ದೀಪ, ಸುಲಿ ಚಪ್ಪರ

ನಾಮಕರಣದಲ್ಲಿ ಎಲ್ಲರೂ ಕಾಯುವುದು ಕಿವಿಯಲ್ಲಿ ಹೆಸರು ಹೇಳುವ ಕ್ಷಣಕ್ಕೆ. ಸೋದರತ್ತೆ ಬಗ್ಗಿದೊಡನೆ ಅವರ ತಲೆ, ಹೂವು, ಸೆರಗು ಮಗುವಿನ ಮುಖವನ್ನು ಮುಚ್ಚುತ್ತವೆ. ಯಾವ ಕಿವಿಗೆ ಹೇಳುತ್ತಾರೆಂದು ಮೊದಲೇ ಕೇಳಿಟ್ಟುಕೊಂಡು ಮಗುವಿನ ಇನ್ನೊಂದು ಬದಿಗೆ, ತೊಟ್ಟಿಲಿನ ಎತ್ತರಕ್ಕೇ ಮಂಡಿಯೂರಿ ಕೂರಿ. ಅಲ್ಲಿಂದ ಮಗುವಿನ ಮುಖವೂ ಅತ್ತೆಯ ತುಟಿಯೂ ಒಂದೇ ಫ್ರೇಮಿಗೆ ಬರುತ್ತವೆ. ಜನ ಕಿಕ್ಕಿರಿದಾಗ ಕಣ್ಣು ಹುಡುಕುವ ಆಟೊ ಫೋಕಸ್ ಹಿಂದಿನ ಯಾವುದೋ ಮುಖಕ್ಕೆ ಹಾರುತ್ತದೆ. ಮಗು ಕಣ್ಣು ಮುಚ್ಚಿದ್ದರಂತೂ ಇನ್ನೂ ಹೆಚ್ಚು. ಒಂಟಿ ಬಿಂದುವಿನ ಫೋಕಸ್ ಇಟ್ಟು ಮಗುವಿನ ಹುಬ್ಬಿನ ಮೇಲೆ ಕೂರಿಸಿ. ತೂಗುವ ತೊಟ್ಟಿಲನ್ನು ತೆಗೆಯುವಾಗ ನಡುವಿನಲ್ಲಿ ಒತ್ತಬೇಡಿ, ಅಲ್ಲಿ ವೇಗ ಎಲ್ಲಕ್ಕಿಂತ ಹೆಚ್ಚು. ತುದಿಗೆ ಹೋಗಿ ಹಿಂದಿರುಗುವ ಮುನ್ನ ತೊಟ್ಟಿಲು ಒಂದು ಗಳಿಗೆ ನಿಲ್ಲುತ್ತದೆ. ಆಗ 1/125 ಧಾರಾಳವಾಗಿ ಸಾಕು.

“ಭಟ್ರೇ, ಒಂದ್ನಿಮಿಷ ನಿಲ್ಸಿ, ಇನ್ನೊಂದ್ಸಲ ಮಾಡಿ” ಎಂದು ಹೇಳುವ ಪರಿಪಾಠ ಮದುವೆ ಮನೆಯಿಂದ ನಾಮಕರಣಕ್ಕೂ ಬಂದುಬಿಟ್ಟಿದೆ. ಅಗಲ ಲೆನ್ಸ್, ಸರಿಯಾದ ಜಾಗ, ಮೊದಲೇ ಗೊತ್ತು ಮಾಡಿದ ಎಕ್ಸ್‌ಪೋಷರ್ ಇದ್ದರೆ ಈ ಮಾತಿನ ಅಗತ್ಯವೇ ಬೀಳುವುದಿಲ್ಲ. ಹೆಂಗಸರ ಕಣ್ಣಲ್ಲಿ ನೀರು ಬರುವುದು ಮೊದಲ ಸಲ ಹೆಸರು ಕರೆದಾಗ, ಎರಡನೆಯ ಸಲ ಅಲ್ಲ.

ಆರತಿಯ ಚಿತ್ರಕ್ಕೆ ಮೊದಲು ಟ್ಯೂಬ್‌ಲೈಟ್ ಆರಿಸಲು ಕೇಳಿಕೊಳ್ಳಿ. ದೀಪದ ಕೆಂಪು ಹಳದಿಯೂ ಟ್ಯೂಬಿನ ನೀಲಿಯೂ ಬೆರೆತರೆ ಅರ್ಧ ಮುಖ ಅರಿಶಿನ, ಅರ್ಧ ಮುಖ ಬೂದಿ. ಸಾಫ್ಟ್‌ವೇರಿನಲ್ಲೂ ಸರಿಮಾಡುವುದು ಕಷ್ಟ. ವೈಟ್ ಬ್ಯಾಲೆನ್ಸನ್ನು 3000 ಕೆಲ್ವಿನ್ ಆಸುಪಾಸಿನಲ್ಲಿ ಕಟ್ಟಿಹಾಕಿ, ಆಟೊ ಬಿಟ್ಟರೆ ದೀಪದ ಬಣ್ಣವನ್ನೇ ತೊಳೆದುಹಾಕುತ್ತದೆ. ಎಕ್ಸ್‌ಪೋಷರ್ ಮುಖಕ್ಕೆ, ಜ್ವಾಲೆಗಲ್ಲ: ಎಫ್/1.8, 1/80, ಐಎಸ್‌ಒ 3200ರಿಂದ ಶುರು ಮಾಡಿ. ಮುಂದೆ ಫಿಲ್ಟರ್ ಹಾಕಿದ್ದರೆ ಬಿಚ್ಚಿಡಿ. ಬಚ್ಚಲಲ್ಲಿ, ಒಗ್ಗರಣೆ ಸಿಡಿಯುವ ಅಡುಗೆಮನೆಯಲ್ಲಿ ಗಾಜು ಕಾಯುವ ಅದೇ ಫಿಲ್ಟರ್ ದೀಪದ ಎದುರು ಒಂದು ಜ್ವಾಲೆಯನ್ನು ಎರಡು ಮಾಡಿ ತೋರಿಸುತ್ತದೆ. ತಲೆಕೆಳಗಾದ ಮಂಕು ಜ್ವಾಲೆಯೊಂದು ಯಾರದೋ ಕೆನ್ನೆಯ ಮೇಲೆ ಕೂರುತ್ತದೆ. ಎಫ್/1.8 ರಲ್ಲಿ ಬೆಳ್ಳಿ ತಟ್ಟೆಯ ಅಂಚು, ಒಡವೆಯ ಹೊಳಪು ಫೋಕಸಿನಿಂದ ಸ್ವಲ್ಪ ಹೊರಗಿದ್ದರೆ ನೇರಳೆ ಅಥವಾ ಹಸಿರು ಅಂಚು ಕಾಣುವುದುಂಟು. ಎಫ್/2.8 ಕ್ಕೆ ಇಳಿಸಿದರೆ ಬಹುಪಾಲು ಹೋಗುತ್ತದೆ. ಮೂಲೆಗಳು ಕಪ್ಪಾಗುವುದೂ ಪೂರ್ತಿ ತೆರೆದಾಗಲೇ. ಕ್ಯಾಮೆರಾ ತಾನೇ ಸರಿಪಡಿಸುತ್ತದೆ.

ಹಗಲಿನ ಬಣ್ಣದ ತೊಂದರೆ ಬೇರೆ. ಮಳೆಗಾಲದಲ್ಲಿ ಜಗುಲಿಗೆ ಬರುವ ಬೆಳಕೆಲ್ಲ ತೋಟವನ್ನು ಹಾದು ಬಂದದ್ದು. ಮೈಬಣ್ಣ ಹಸಿರಾಗಿ, ಕಾಯಿಲೆಯವರಂತೆ ಕಾಣುತ್ತದೆ. ಬಿಸಿಲಿದ್ದರೆ ಕೆಂಪು ಗಾರೆ ನೆಲ ಗದ್ದದ ಕೆಳಗೆ ಕೆಂಪು ಚೆಲ್ಲುತ್ತದೆ. ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಚಿತ್ರ) ತೆಗೆಯಿರಿ. ಹಸಿರಿಗೆ ಟಿಂಟನ್ನು ಸ್ವಲ್ಪ ಮಜೆಂಟಾ ಕಡೆಗೆ ಜರುಗಿಸಿ, ಕೆಂಪಿಗೆ ನೆಲದ ಮೇಲೊಂದು ಚಾಪೆ ಹಾಸಿ.

ಅಡಿಕೆ ಸುಲಿಯುವ ಚಪ್ಪರಕ್ಕೆ ಹಬ್ಬದ ಮರ್ಯಾದೆ ಯಾರೂ ಕೊಡುವುದಿಲ್ಲ, ಫೋಟೊದ ದೃಷ್ಟಿಯಿಂದ ಅದು ಹಬ್ಬಕ್ಕಿಂತ ದೊಡ್ಡದು. ಸಾಲಾಗಿ ಕೂತ ಹೆಂಗಸರು, ಪಾದದಡಿ ಮೆಟ್ಟುಗತ್ತಿ, ಒಂದು ಕಡೆ ಸಿಪ್ಪೆಯ ಗುಡ್ಡೆ, ಒಂದು ಕಡೆ ಬುಟ್ಟಿ, ನಡುವೆ ನಿಲ್ಲದ ಮಾತು. ಹಿಂದೆ ಗ್ಯಾಸ್‌ಲೈಟ್ ಇದ್ದ ಜಾಗದಲ್ಲಿ ಈಗ ಎಲ್‌ಇಡಿ ಬಲ್ಬು. ನಮ್ಮ ವಿದ್ಯುತ್ತು 50 ಹರ್ಟ್ಸಿನದು, ಅಗ್ಗದ ಬಲ್ಬು ಸೆಕೆಂಡಿಗೆ ನೂರು ಸಲ ಮಿನುಗುತ್ತದೆ. ಎಲೆಕ್ಟ್ರಾನಿಕ್ ಶಟರಿನಲ್ಲಿ ಚಿತ್ರದ ಮೇಲೆ ಅಡ್ಡಪಟ್ಟಿ ಬೀಳಲು ಇದೇ ಕಾರಣ. ಮೊದಲ ಪರದೆ ಎಲೆಕ್ಟ್ರಾನಿಕ್ ಆದರೂ ಎರಡನೆಯದು ಮೆಕ್ಯಾನಿಕಲ್ ಇರುವ ಶಟರ್ ಆರಿಸಿ, 1/50 ಅಥವಾ 1/100 ಇಡಿ. ಕೈಯ ವೇಗ ನಿಲ್ಲಿಸಲು 1/200 ಬೇಕಾದರೆ ಆ್ಯಂಟಿ ಫ್ಲಿಕರ್ ಆನ್ ಮಾಡಿ. ಮೆಟ್ಟುಗತ್ತಿಯ ಎದುರು ಮೊಣಕಾಲೂರಿ ಕ್ಯಾಮೆರಾವನ್ನು ಕತ್ತಿಯ ಮಟ್ಟಕ್ಕೆ ಇಳಿಸಿ, ಆದರೆ ಸುಲಿಯುವವರ ಮೊಣಕೈ ಆಡುವ ಜಾಗ ಬಿಟ್ಟು ಕೂರಿ. ಮೈ ತಾಗಿದರೆ ಕತ್ತಿ ತಪ್ಪುತ್ತದೆ. ಆಮೇಲೆ ಕೆಲಸ ಮುಗಿಸಿ ಕೈ ತೊಳೆಯುವ ಮುನ್ನ ಒಂದು ಹೆಬ್ಬೆರಳಿನ ಚಿತ್ರ ಮ್ಯಾಕ್ರೋದಲ್ಲಿ ತೆಗೆಯಿರಿ. ಅಡಿಕೆಯ ಚೊಗರು ಕುಡಿದು ಕಪ್ಪಾದ ಉಗುರಿನ ಸಂದು, ಗೆರೆಗೆರೆಯಾಗಿ ಬಿರಿದ ಚರ್ಮ: ಆ ವರ್ಷದ ಸುಗ್ಗಿ ಪೂರ್ತಿ ಅಲ್ಲಿದೆ.

ಭೂಮಿ ಹುಣ್ಣಿಮೆಯ ಬೆಳಗಿನ ಜಾವ

ಸಾಗರ, ಸೊರಬ ಕಡೆಯ ದೀವರು ಸಮುದಾಯದವರ ಮನೆಗಳಲ್ಲಿ ಆಶ್ವೀಜದ ಹುಣ್ಣಿಮೆಗೆ, ಗದ್ದೆಗೆ ಊಟ ಒಯ್ಯುವ ಭೂಮಣ್ಣಿ ಬುಟ್ಟಿ ಸಿದ್ಧವಾಗುತ್ತದೆ. ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ಬರೆಯುವ ಕೈ, ನಾರಿನ ತುದಿ, ಆಗಷ್ಟೇ ಮೂಡಿದ ಒದ್ದೆ ಗೆರೆ, ಈ ಮೂರನ್ನೂ ಒಂದೇ ಚಿತ್ರದಲ್ಲಿ ಹಿಡಿಯಲು ಅರ್ಧ ಅಳತೆಯ ಮ್ಯಾಕ್ರೋ ಕೂಡ ಹೆಚ್ಚೇ, ಮೂವತ್ತು ಸೆಂ.ಮೀ. ದೂರ, ಎಫ್/5.6, ಓರೆ ಬೆಳಕು ಸಾಕು. ಬುಟ್ಟಿ ಗುಂಡಗಿರುವುದರಿಂದ ಗೆರೆಗಳು ಅಂಚಿನಲ್ಲಿ ಮಸುಕಾಗುವುದು ಸಹಜ.

ಗದ್ದೆಯಲ್ಲಿ ಭತ್ತ ಹೊಡೆ ತುಂಬುವ ಹೊತ್ತು, ಭೂಮಿ ಬಸುರಿ ಎಂಬ ನಂಬಿಕೆ, ಅವಳಿಗೆ ಬಯಕೆಯ ಊಟ. ರಾತ್ರಿಯಿಡೀ ಅಡುಗೆ ಮಾಡಿ ಸೂರ್ಯ ಹುಟ್ಟುವ ಮುನ್ನವೇ ಬುಟ್ಟಿ ಹೊತ್ತು ಗದ್ದೆಗೆ ಹೋಗಿ ಬೀರುತ್ತಾರೆ. ಸಿಗುವ ಸಮಯ ಅರ್ಧ ಗಂಟೆ, ಬೆಳಕು ನಿಮಿಷ ನಿಮಿಷಕ್ಕೂ ಬದಲು. ಸೂರ್ಯೋದಯಕ್ಕೆ ಇಪ್ಪತ್ತು ನಿಮಿಷ ಇರುವಾಗ ಎಫ್/1.8, 1/30, ಐಎಸ್‌ಒ 5000ದ ಆಸುಪಾಸು ಬೇಕು. ಬದುವಿನ ಮೇಲೆ ನಡೆಯುವವರನ್ನು 1/30 ನಿಲ್ಲಿಸದು. ಬುಟ್ಟಿ ಇಳಿಸುವಾಗ, ಕೈಮುಗಿದು ನಿಂತಾಗ ತೆಗೆಯಿರಿ. ಹತ್ತು ನಿಮಿಷ ಇರುವಾಗ 1/125ಕ್ಕೆ ಐಎಸ್‌ಒ 2000 ಸಾಕಾಗುತ್ತದೆ. ಆ ಹೊತ್ತಿಗೆ ಹುಣ್ಣಿಮೆಯ ಚಂದ್ರ ಪಡುವಣದಲ್ಲಿ ಇಳಿದಿರುತ್ತಾನೆ. ಮನೆಯವರು ಪೂರ್ವಕ್ಕೆ ಮುಖ ಮಾಡಿ ನಿಂತಿದ್ದರೆ ಅವರ ಮುಂದೆ ಹೋಗಿ ಕುಳಿತು ಮೇಲಕ್ಕೆ ನೋಡಿ: ಮುಖದ ಮೇಲೆ ಬೆಳಗಿನ ನೀಲಿ, ಹಿಂದೆ ಚಂದ್ರ. ಟಾರ್ಚ್ ಆರಿಸಿ. ತೆನೆಯ ಮೇಲಿನ ಇಬ್ಬನಿಯಿಂದ ಲೆನ್ಸ್ ಕಾಪಾಡಲು ಹುಡ್ (ಲೆನ್ಸಿನ ಮುಂದಿನ ಮರೆ) ಹಾಕಿರಿ. ಹುಡ್ ಡಬ್ಬಿಯೊಳಗೆ ಬರುವುದಿಲ್ಲ, ಇಡಬ್ಲ್ಯು-52 ಎಂಬುದನ್ನು ಬೇರೆಯೇ ಕೊಳ್ಳಬೇಕು. ಈ ಬೆಲೆಯ ಲೆನ್ಸಿಗೆ ಅದನ್ನು ಜೊತೆಗೇ ಕೊಡಬೇಕಿತ್ತು.

ಇದು ಸೋಲುವ ಜಾಗ

ವಿಡಿಯೊ. ಫೋಕಸ್ ಮೋಟಾರಿನ ಗುರುಗುರು ಸದ್ದು ಕ್ಯಾಮೆರಾದ ಮೈಕಿಗೆ ಕೇಳುತ್ತದೆ; ಜೋಗುಳ ರೆಕಾರ್ಡ್ ಮಾಡುವಾಗ ಇದು ಸಣ್ಣ ತೊಂದರೆಯಲ್ಲ. ಫೋಕಸ್ ಬದಲಾದಂತೆ ದೃಶ್ಯ ಹಿಗ್ಗಿ ಕುಗ್ಗುವುದೂ ಕಾಣುತ್ತದೆ. ವಿಡಿಯೊ ಮುಖ್ಯವಾದವರು ಬೇರೆ ಮೈಕ್ ಇಡಬೇಕು, ಇಲ್ಲವೇ ಬೇರೆ ಲೆನ್ಸ್ ನೋಡಬೇಕು. ಓಡುವ ಮಕ್ಕಳ ಹಿಂದೆ ಫೋಕಸ್ ಓಡಿಸುವುದರಲ್ಲೂ ಇದು ನಿಧಾನ. ಶಾಲೆಯ ಮೈದಾನಕ್ಕೆ ಬೇಡ. ಮ್ಯಾನ್ಯುಯಲ್ ಫೋಕಸ್ ಕೂಡ ಮೋಟಾರಿನ ಮೂಲಕವೇ, ಹಾಗಾಗಿ ಕ್ಯಾಮೆರಾ ಆಫ್ ಇದ್ದಾಗ ರಿಂಗ್ ತಿರುಗಿಸಿದರೆ ಏನೂ ಆಗದು.

ಹಣ ತೀರಾ ಕಡಿಮೆಯಿದ್ದರೆ ಆರ್‌ಎಫ್ 50 ಎಂಎಂ ಎಫ್/1.8 ಇದೆ: 160 ಗ್ರಾಂ, ಬೆಲೆಯೂ ಇದಕ್ಕಿಂತ ಬಹಳ ಕಡಿಮೆ. ಅದರಲ್ಲಿ ಸ್ಟೆಬಿಲೈಸರ್ ಇಲ್ಲ, 30 ಸೆಂ.ಮೀ.ಗಿಂತ ಹತ್ತಿರ ಹೋಗಲಾಗದು. ಅಂಗಳದಲ್ಲಿ, ಜಗುಲಿಯಲ್ಲಿ ಮುಖ ತೆಗೆಯಲು ಚೆನ್ನಾಗಿದೆ. ನಡುಮನೆಗೆ ಸಾಲದು.

ಮಳೆಗಾಲ ಮತ್ತು ಬೂಷ್ಟು

ಆಗುಂಬೆ ಸೀಮೆಯ ತೇವದಲ್ಲಿ ಲೆನ್ಸಿಗೆ ಫಂಗಸ್ ಹಿಡಿಯಲು ಒಂದೇ ಮಳೆಗಾಲ ಸಾಕು. ಮೊದಲು ಜೇಡರ ಬಲೆಯಂಥ ಸಣ್ಣ ಎಳೆ, ಆಮೇಲೆ ಗಾಜಿನ ಲೇಪನವನ್ನೇ ತಿನ್ನುತ್ತದೆ. ಕ್ಯಾಮೆರಾ ಬ್ಯಾಗಿನೊಳಗೆ ಇಟ್ಟು ಬೀರುವಿನಲ್ಲಿ ಮುಚ್ಚಿಡುವುದು ಅತಿ ಕೆಟ್ಟ ಕ್ರಮ. ಬ್ಯಾಗಿನ ಸ್ಪಂಜು ತೇವ ಹಿಡಿದಿಟ್ಟುಕೊಳ್ಳುತ್ತದೆ. ಅಡಿಗೆಮನೆ ಅಟ್ಟ ಬೆಚ್ಚಗಿದೆ ಎಂದು ಅಲ್ಲಿ ಇಡುವವರಿದ್ದಾರೆ, ಹೊಗೆಯ ಜಿಡ್ಡು ಕೂರುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಣ್ಣ ತೇವಮಾಪಕ, ಬಣ್ಣ ಬದಲಾಗುವ ಸಿಲಿಕಾ ಜೆಲ್ ಇಷ್ಟು ಸಾಕು. ತೇವಾಂಶ ಶೇ. 40–50ರ ನಡುವೆ ಇರಲಿ. 60 ದಾಟಿದರೆ ಜೆಲ್ಲನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಮೊದಲ ಬಣ್ಣ ಬರುವವರೆಗೆ ಹುರಿದು, ಆರಿಸಿ ಮತ್ತೆ ಹಾಕಿ. ಆ ಬಾಣಲೆ ಅಡುಗೆಗೆ ಬೇಡ. ಎಲ್ಲಕ್ಕಿಂತ ಒಳ್ಳೆಯ ಔಷಧ ವಾರಕ್ಕೊಮ್ಮೆಯಾದರೂ ಲೆನ್ಸ್ ಹೊರತೆಗೆದು ಬಳಸುವುದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಶಿವಮೊಗ್ಗದಲ್ಲಾಗಲಿ ಬೆಂಗಳೂರಿನಲ್ಲಾಗಲಿ ಒಂದು ಟಾರ್ಚ್ ಕೊಂಡೊಯ್ಯಿರಿ. ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ: ಒಂದೆರಡು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ, ಕೂದಲಿನಂಥ ಕವಲೊಡೆದ ಎಳೆ ಕಂಡರೆ ಬಿಟ್ಟು ಬನ್ನಿ. ಕ್ಯಾಮೆರಾಗೆ ಹಾಕಿ 17 ಸೆಂ.ಮೀ.ಯಿಂದ ದೂರದ ಗೋಡೆಗೆ ಹತ್ತು ಸಲ ಫೋಕಸ್ ಮಾಡಿ. ಕೊಳವೆ ಎಲ್ಲಿಯೂ ತಡವರಿಸಬಾರದು, ಓರೆಯಾಗಿ ಅಲುಗಾಡಬಾರದು. ಸ್ಟೆಬಿಲೈಸರ್ ಹಾಕಿ, ತೆಗೆದು 1/15ರಲ್ಲಿ ಐದೈದು ಚಿತ್ರ ತೆಗೆದು ಹೋಲಿಸಿ. ಬಿಲ್ ಕೇಳಿ, ಲೆನ್ಸಿನ ಮೇಲಿನ ನಂಬರಿಗೆ ತಾಳೆ ನೋಡಿ.

ಕೊನೆಗೆ ಪ್ರಿಂಟು. 24 ಮೆಗಾಪಿಕ್ಸೆಲ್ ಫೈಲಿನಿಂದ 12 × 18 ಇಂಚಿನವರೆಗೆ 300 ಡಿಪಿಐನಲ್ಲಿ ಯಾವ ಅಳುಕಿಲ್ಲದೆ ಮಾಡಿಸಬಹುದು. ಮೂವತ್ತಾರು ಇಂಚು ಅಗಲದ ಕರಿಜ್ಮಾ ಆಲ್ಬಮ್ಮಿನ ಪುಟದಲ್ಲಿ ಹತ್ತು ಚಿತ್ರ ತುರುಕಿ, ಹಿಂದೆ ಹೂವಿನ ಡಿಸೈನ್ ಹಾಕಿಸಬೇಡಿ. ಎರೆಯುವ ಅಜ್ಜಿಗೂ ಸುಲಿಯುವ ಕೈಗೂ 5 × 7ರ ಬಿಡಿ ಪ್ರಿಂಟು ಚೆನ್ನ, ಮ್ಯಾಟ್ ಕಾಗದ ಇರಲಿ. ಹೊಳಪಿನ ಕಾಗದ ಆಲ್ಬಮ್ಮಿನ ಪ್ಲಾಸ್ಟಿಕ್ಕಿಗೆ ಮಳೆಗಾಲದಲ್ಲಿ ಅಂಟಿಕೊಳ್ಳುತ್ತದೆ. ಪ್ರಿಂಟಿನ ಹಿಂಬದಿಗೆ ಯಾರು, ಯಾವ ಊರು, ಯಾವ ತಾರೀಕು ಎಂದು ಮೆದು ಪೆನ್ಸಿಲಿನಲ್ಲಿ, ಒತ್ತದೆ ಬರೆಯಿರಿ. ಬಾಲ್‌ಪೆನ್ ಗೀರು ಮುಂಬದಿಯ ಚಿತ್ರದ ಮೇಲೆ ಉಬ್ಬಿ ಕಾಣುತ್ತದೆ, ಇಂಕು ತೇವಕ್ಕೆ ಹರಡುತ್ತದೆ.